ನಾಯಿಯ ಊಟಕ್ಕೂ ಮಾನದಂಡ ಕಡ್ಡಾಯವಾಗಲಿ: ವೀಗನ್ ನಾಯಿ ಆಹಾರದ ಬಗ್ಗೆ ಒಂದು ಬಹಿರಂಗ ಪತ್ರ

ಗೆ,
ಮಹಾನಿರ್ದೇಶಕರು,
ಭಾರತೀಯ ಮಾನಕ ಬ್ಯೂರೊ, ನವದೆಹಲಿ

ಹಾಗೂ

ಕಾರ್ಯದರ್ಶಿಗಳು,
ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ,
ಭಾರತ ಸರ್ಕಾರ, ನವದೆಹಲಿ

ವಿಷಯ: ವೀಗನ್ ನಾಯಿ ಆಹಾರದ ಪದಾರ್ಥಗಳ ಗುಣಮಟ್ಟ ಮತ್ತು ಸುರಕ್ಷತೆಯ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಕುರಿತು.

ಮಾನ್ಯರೇ,

ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ನಾಯಿ ಆಹಾರ ಈಗ ನಮ್ಮ ಊರುಗಳ ಪೆಟ್ ಶಾಪ್‌ಗಳಲ್ಲೂ ಮೊಬೈಲ್ ಆ್ಯಪ್‌ಗಳಲ್ಲೂ ಸಲೀಸಾಗಿ ಸಿಗುತ್ತದೆ. ಮನೆಯೊಳಗೆ ಮಾಂಸ ತರದ ಕುಟುಂಬದವರು ಅದನ್ನು ಕೊಳ್ಳುತ್ತಾರೆ. ಪ್ರಾಣಿಹಿಂಸೆ ಬೇಡವೆಂದು ಹಾಲು-ತುಪ್ಪವನ್ನೂ ಬಿಟ್ಟ ಹುಡುಗ ಹುಡುಗಿಯರು ಕೊಳ್ಳುತ್ತಾರೆ. ಕೋಳಿ ಮಾಂಸ ತಿಂದರೆ ಮೈಯೆಲ್ಲ ಕೆರೆದುಕೊಳ್ಳುವ ನಾಯಿಯನ್ನು ಸಾಕಿಕೊಂಡವರೂ ಕೊಳ್ಳುತ್ತಾರೆ. ಎಲ್ಲರೂ ಪೊಟ್ಟಣದ ಮೇಲಿನ ಬರಹವನ್ನೇ ನಂಬಿ ಹಣ ಕೊಡುವವರು. ಒಳಗಿರುವ ಪದಾರ್ಥ ಒಂದು ನಾಯಿಯ ಬದುಕಿಗೆ ಸಾಕೋ ಸಾಲದೋ ಎಂದು ಮಾರಾಟಕ್ಕೆ ಮೊದಲೇ ನೋಡಲೇಬೇಕಾದ ಹೊಣೆ ಮಾತ್ರ ಇವತ್ತು ಯಾವ ಇಲಾಖೆಯ ಮೇಲೂ ಇಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ಕಾನೂನಿನ ಸ್ಥಿತಿ ತಮಗೆ ನನಗಿಂತ ಚೆನ್ನಾಗಿ ಗೊತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ‘ಆಹಾರ’ ಎಂದರೆ ಮನುಷ್ಯರು ತಿನ್ನುವುದು. ಪ್ರಾಣಿಗಳ ಮೇವು-ಆಹಾರ ಅದರಿಂದ ಹೊರಗೆ. ಹಾಗಾಗಿ ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇದರ ಗೊಡವೆಗೆ ಬರುವುದಿಲ್ಲ. ತೂಕ, ಬೆಲೆ, ತಯಾರಕರ ವಿಳಾಸ ಸರಿಯಿದೆಯೇ ಎಂದು ಕಾನೂನು ಮಾಪನಶಾಸ್ತ್ರ ಇಲಾಖೆ ನೋಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಬ್ಯೂರೊ ನಾಯಿ ಮತ್ತು ಬೆಕ್ಕಿನ ಆಹಾರಕ್ಕೆಂದೇ ಐಎಸ್ 11968 ಎಂಬ ಮಾನದಂಡ ಮಾಡಿದೆ, 2019ರಲ್ಲಿ ಪರಿಷ್ಕರಿಸಿಯೂ ಇದೆ. ಆದರೆ ಅದು ಕಡ್ಡಾಯವಲ್ಲ. ಬೇಕಾದವರು ಪಾಲಿಸಬಹುದು, ಬೇಡವಾದವರು ಬಿಡಬಹುದು. ಇತ್ತ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಾಯಿಗೆ ಸಾಕಷ್ಟು ಆಹಾರ ಕೊಡದ ಮಾಲೀಕನನ್ನು ತಪ್ಪಿತಸ್ಥ ಎನ್ನುತ್ತದೆ. ಹೊಟ್ಟೆ ತುಂಬ ಹಾಕಿದ ಮಾಲೀಕನಿಗೆ ಪೋಷಣೆಯಿಲ್ಲದ ಪೊಟ್ಟಣ ಮಾರಿದವನನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಮೈಸೂರಿನವಳು. ಆಹಾರ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ದುಡಿದು ನಿವೃತ್ತಳಾದವಳು. ನಮ್ಮದು ಶಾಖಾಹಾರಿ ಮನೆ. ಬೀದಿಯಿಂದ ತಂದು ಸಾಕಿದ ನಾಯಿ ಚಿನ್ನುವಿಗೆ ‘ನೂರಕ್ಕೆ ನೂರು ಸಸ್ಯಜನ್ಯ, ಪೌಷ್ಟಿಕ’ ಎಂದು ಬರೆದಿದ್ದ ಒಣ ಆಹಾರವನ್ನು ಕೆಲವು ತಿಂಗಳು ಹಾಕಿದೆವು. ಅವಳು ಆಸೆಯಿಂದಲೇ ತಿಂದಳು, ತೂಕವೂ ಇಳಿಯಲಿಲ್ಲ. ಆದರೆ ಕೂದಲಿನ ಹೊಳಪು ಹೋಯಿತು. ಬರಬರುತ್ತ ಕಣ್ಣಿನ ಸುತ್ತ, ಬಾಯಿಯ ಅಂಚಿನಲ್ಲಿ, ಮೊಣಕೈ ಗಂಟಿನ ಮೇಲೆ ಚರ್ಮ ಒಣಗಿ ಹಕ್ಕಳೆಗಟ್ಟಿತು. ಪಶುವೈದ್ಯರು ಮೊದಲು ಹುಳುಕಡ್ಡಿ ಇರಬಹುದೆಂದು ಪರೀಕ್ಷಿಸಿದರು, ಅದಲ್ಲವೆಂದು ತಿಳಿದ ಮೇಲೆ ಆಹಾರದ ಪೊಟ್ಟಣ ತರಲು ಹೇಳಿದರು. ಹಿಂಬದಿಯ ಬರಹವನ್ನು ಓದಿ, ‘ಅಮ್ಮಾ, ಇದರಲ್ಲಿ ಸತು ಎಷ್ಟಿದೆ ಅಂತ ಬರೆದೇ ಇಲ್ಲವಲ್ಲ’ ಎಂದರು. ಸತುವಿನ ಪೂರಕ ಕೊಟ್ಟು, ಆಹಾರವನ್ನೂ ಬದಲಿಸಿದರು. ಕ್ರಮೇಣ ಚರ್ಮ ಮೊದಲಿನಂತಾಯಿತು. ಒಂದು ನಾಯಿಯನ್ನು ಕಂಡು ಇಡೀ ಆಹಾರ ಪದ್ಧತಿಯ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ, ನಾನು ಕೊಡುವುದೂ ಇಲ್ಲ. ಆದರೆ ಧಾನ್ಯ ಮತ್ತು ಬೇಳೆಗಳಲ್ಲಿ ಫೈಟೇಟ್ ಎಂಬ ಅಂಶವಿರುತ್ತದೆ, ಅದು ಸತುವನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ ಎಂಬುದು ಪಶುಪೋಷಣೆ ಓದಿದ ಎಲ್ಲರಿಗೂ ಗೊತ್ತಿರುವ ಸಂಗತಿ. ಬರೀ ಸಸ್ಯದಿಂದ ಆಹಾರ ಮಾಡುವವರು ಆ ಲೆಕ್ಕ ಹಿಡಿದು ಸತುವನ್ನು ಹೆಚ್ಚಿಗೆ ಸೇರಿಸಬೇಕು. ಸೇರಿಸಿದ್ದಾರೋ ಇಲ್ಲವೋ ಎಂದು ನಾನು ತಯಾರಕರಿಗೆ ಪತ್ರ ಬರೆದು ಕೇಳಿದೆ. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ವಿವರವನ್ನೂ ಕೇಳಿದೆ. ‘ಸೂತ್ರ ನಮ್ಮ ವ್ಯಾಪಾರದ ಗುಟ್ಟು’ ಎಂಬ ಒಂದೇ ಸಾಲಿನ ಉತ್ತರ ಬಂತು. ನಾನು ಕೇಳಿದ್ದು ಸೂತ್ರವನ್ನಲ್ಲ, ಪರೀಕ್ಷೆಯ ವರದಿಯನ್ನು.

ಆ ಪೊಟ್ಟಣದ ಒಂದಿಷ್ಟು ಕಾಳನ್ನು ಖಾಸಗಿ ಪ್ರಯೋಗಾಲಯಕ್ಕೂ ಕೊಟ್ಟು ನೋಡಿದೆ. ಪ್ರೋಟೀನ್ ಪ್ರಮಾಣ ಮೇಲೆ ಬರೆದಷ್ಟೇ ಇತ್ತು. ಕಾಗದದ ಮೇಲೆ ಎಲ್ಲವೂ ಸರಿ! ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ದೂರಿನ ಬೇರು ಇಲ್ಲೇ ಇದೆ.

ಪ್ರೋಟೀನ್ ಎಂದು ನಾವು ಅಳೆಯುವುದು ಪ್ರೋಟೀನನ್ನಲ್ಲ. ಹಿಟ್ಟು ಮಾಡಿದ ಮಾದರಿಯನ್ನು ಗಾಜಿನ ಫ್ಲಾಸ್ಕಿಗೆ ಹಾಕಿ, ಗಂಧಕಾಮ್ಲ ಸುರಿದು, ಕಪ್ಪಗೆ ಕುದಿಯುವ ದ್ರವ ತಿಳಿಯಾಗುವ ತನಕ ಕಾಯಿಸುತ್ತೇವೆ. ಆಮೇಲೆ ಕ್ಷಾರ ಬೆರೆಸಿ, ಹೊರಬರುವ ಅಮೋನಿಯಾವನ್ನು ಹಿಡಿದು ಅದೆಷ್ಟಿದೆ ಎಂದು ಟೈಟ್ರೇಶನ್ ವಿಧಾನದಿಂದ ಅಳೆಯುತ್ತೇವೆ. ಸಿಗುವ ಅಂಕಿ ಸಾರಜನಕದ್ದು. ಅದನ್ನು 6.25ರಿಂದ ಗುಣಿಸಿ ‘ಕಚ್ಚಾ ಪ್ರೋಟೀನ್’ ಎಂದು ಬರೆಯುತ್ತೇವೆ. ಇದು ಕೆಲ್‌ಡಾಲ್ ಪದ್ಧತಿ, ಲೋಕವೆಲ್ಲ ಬಳಸುವಂಥದ್ದು, ಅದರಲ್ಲಿ ಮೋಸವಿಲ್ಲ. ಆದರೆ ಗೋಧಿಗೆ ಸಲ್ಲಬೇಕಾದ ಗುಣಕ 5.7, ಸೋಯಾಕ್ಕೂ ಹೆಚ್ಚುಕಡಿಮೆ ಅಷ್ಟೇ. ಗೋಧಿಯ ಅಂಟು (ಗ್ಲುಟೆನ್), ಸೋಯಾ ಹಿಟ್ಟು ತುಂಬಿದ ಆಹಾರವನ್ನು 6.25ರಿಂದ ಗುಣಿಸಿದರೆ ನಿಜಕ್ಕೆ 18ರ ಆಸುಪಾಸಿನಲ್ಲಿರುವ ಪ್ರೋಟೀನ್ ಶೇ 20 ಎಂದು ಕಾಣುತ್ತದೆ. ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆ್ಯಫ್ಕೋ ಸಂಸ್ಥೆಯ ಪಟ್ಟಿಯಲ್ಲಿ ಬೆಳೆದ ನಾಯಿಗೆ ಒಣ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ 18, ಮರಿಗೆ ಶೇ 22.5 ಪ್ರೋಟೀನ್ ಇರಬೇಕು. ಅಂಚಿನಲ್ಲಿರುವ ಆಹಾರಕ್ಕೆ ಈ ವ್ಯತ್ಯಾಸ ಚಿಕ್ಕದಲ್ಲ.

ಸಾರಜನಕದ ಅಂಕಿಯನ್ನೇ ನಂಬಿದರೆ ಏನಾಗುತ್ತದೆ ಎಂದು 2007ರಲ್ಲಿ ಅಮೆರಿಕ ಕಂಡಿದೆ. ಚೀನಾದಿಂದ ಬಂದ ಗೋಧಿ ಅಂಟು ಮತ್ತು ಅಕ್ಕಿ ಪ್ರೋಟೀನಿನಲ್ಲಿ ಮೆಲಮೈನ್ ಬೆರೆಸಿದ್ದರು. ಮೆಲಮೈನ್ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ. ಅದರ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕ. ನೂರು ಗ್ರಾಂ ಮೆಲಮೈನನ್ನು ಕೆಲ್‌ಡಾಲ್ ಲೆಕ್ಕಕ್ಕೆ ಹಾಕಿದರೆ 400 ಗ್ರಾಂಗೂ ಹೆಚ್ಚು ‘ಪ್ರೋಟೀನ್’ ಬರುತ್ತದೆ! ಅದು ಪುಡಿಯಲ್ಲಿದ್ದ ಇನ್ನೊಂದು ರಾಸಾಯನಿಕವಾದ ಸಯನ್ಯೂರಿಕ್ ಆಮ್ಲದ ಜೊತೆ ಸೇರಿ ನಾಯಿ-ಬೆಕ್ಕುಗಳ ಮೂತ್ರಪಿಂಡದಲ್ಲಿ ಹರಳುಗಟ್ಟಿತು. ಆರು ಕೋಟಿಗೂ ಹೆಚ್ಚು ಡಬ್ಬಿ, ಪೊಟ್ಟಣಗಳನ್ನು ವಾಪಸ್ ಪಡೆಯಬೇಕಾಯಿತು. ಆ ಡಬ್ಬಿಗಳಲ್ಲಿ ಮಾಂಸವೂ ಇತ್ತು, ನಿಜ. ಆದರೆ ಕಲಬೆರಕೆ ನುಸುಳಿದ್ದು ಸಸ್ಯದ ಪ್ರೋಟೀನ್ ಪುಡಿಯ ದಾರಿಯಿಂದ. ವೀಗನ್ ಆಹಾರ ನಿಂತಿರುವುದೇ ಇಂಥ ಪುಡಿಗಳ ಮೇಲೆ. ಬಟಾಣಿ ಪ್ರೋಟೀನ್, ಸೋಯಾ, ಗೋಧಿ ಅಂಟು ಯಾವ ಊರಿನ ಯಾವ ಕಾರ್ಖಾನೆಯಿಂದ ಬಂತು, ಬಂದ ಮೂಟೆಯನ್ನು ಯಾರು ಪರೀಕ್ಷಿಸಿದರು ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಬೇಡವೇ?

ಪ್ರೋಟೀನ್ ಅಸಲಿಯೇ ಆಗಿದ್ದರೂ ಮುಗಿಯಲಿಲ್ಲ. ನಾಯಿಗೆ ಆಹಾರದಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು ಹತ್ತು. ಅನ್ನಕ್ಕೆ ಬೇಳೆ ಸಾರು ಕಲಸಿಕೊಂಡು ಉಣ್ಣುವ ನಮಗೆ ಇದು ಹೊಸದೇನಲ್ಲ: ಧಾನ್ಯದಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಮಿಥಿಯೋನಿನ್ ಕಡಿಮೆ, ಎರಡೂ ಕೂಡಿದಾಗ ಕೊರತೆ ತುಂಬುತ್ತದೆ. ನಾಯಿ ತನ್ನ ಹೃದಯಕ್ಕೆ ಬೇಕಾದ ಟೌರಿನ್ ಅನ್ನು ಮಿಥಿಯೋನಿನ್ ಮತ್ತು ಸಿಸ್ಟೀನ್‌ನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಆ ಕಚ್ಚಾ ವಸ್ತುವೇ ಕಡಿಮೆಯಾದರೆ ಟೌರಿನ್ ಎಲ್ಲಿಂದ ಬರಬೇಕು? ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ಡಿಸಿಎಂ ಎಂಬ ಕಾಯಿಲೆಗೂ ಬಟಾಣಿ, ಬೇಳೆ, ಆಲೂಗಡ್ಡೆ ಹೆಚ್ಚಾಗಿರುವ ನಾಯಿ ಆಹಾರಕ್ಕೂ ಸಂಬಂಧವಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈಯಲ್ಲಿ ತನಿಖೆ ಶುರುಮಾಡಿತು. 2022ರ ನವೆಂಬರ್ ಆರಂಭದ ವೇಳೆಗೆ ಅದರ ಬಳಿ 1,382 ವರದಿಗಳಿದ್ದವು. ಆಹಾರವೇ ಕಾರಣ ಎಂದು ಹೇಳಲು ಆ ವರದಿಗಳು ಸಾಲವು ಎಂದು ಎಫ್‌ಡಿಎ ಪ್ರಾಮಾಣಿಕವಾಗಿಯೇ ಹೇಳಿತು. ಅಲ್ಲಿ ಅಷ್ಟನ್ನಾದರೂ ಹೇಳಲು ಸಾಧ್ಯವಾದದ್ದು ದೂರುಗಳು ಒಂದೆಡೆ ಕೂಡಿದ್ದರಿಂದ. ನಮ್ಮಲ್ಲಿ ಒಬ್ಬ ಪಶುವೈದ್ಯರಿಗೆ ಅನುಮಾನ ಬಂದರೆ ಅದು ಅವರ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ಬರೆದೆನೆಂದು ನಾನು ವೀಗನ್ ಆಹಾರದ ವಿರೋಧಿ ಎಂದು ದಯವಿಟ್ಟು ತಿಳಿಯಬಾರದು. ನಾಯಿ ಬೆಕ್ಕಿನಂತಲ್ಲ. ತೋಳದಿಂದ ಬೇರೆಯಾಗಿ ಮನುಷ್ಯರ ಜೊತೆ ಬಾಳಿದ ಕಾಲದಲ್ಲಿ ಪಿಷ್ಟವನ್ನು ಅರಗಿಸುವ ಶಕ್ತಿ ಅದಕ್ಕೆ ಹೆಚ್ಚಿತು ಎಂಬುದಕ್ಕೆ ವಂಶವಾಹಿಯ ಪುರಾವೆಯೇ 2013ರಲ್ಲಿ ಪ್ರಕಟವಾಗಿದೆ. ನಮ್ಮ ಹಳ್ಳಿಗಳಲ್ಲಿ ಮುದ್ದೆ, ಮೊಸರನ್ನ ತಿಂದು ಹೊಲ ಕಾದ ನಾಯಿಗಳನ್ನು ನಾವೆಲ್ಲ ಕಂಡಿದ್ದೇವೆ (ಆದರೆ ಮೊಸರು ವೀಗನ್ ಅಲ್ಲ, ಮತ್ತು ಆ ನಾಯಿಗಳು ಹೊರಗೆ ಏನೇನು ತಿನ್ನುತ್ತಿದ್ದವೆಂದು ಯಾರೂ ಲೆಕ್ಕ ಇಟ್ಟಿಲ್ಲ). 2022ರಲ್ಲಿ 2,536 ನಾಯಿಗಳ ಸಾಕಣೆದಾರರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ ವೀಗನ್ ಆಹಾರದ ನಾಯಿಗಳ ಆರೋಗ್ಯ ಕೆಟ್ಟದ್ದೇನೂ ಇರಲಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ 15 ನಾಯಿಗಳಿಗೆ ಒಂದು ವರ್ಷ ಸಸ್ಯಾಹಾರ ಕೊಟ್ಟು, ರಕ್ತ ಪರೀಕ್ಷೆ ಮಾಡಿ ನೋಡಿದಾಗಲೂ ಅವು ಚೆನ್ನಾಗಿದ್ದವು. ಮೊದಲನೆಯದು ಮಾಲೀಕರು ಹೇಳಿದ ಮಾತು, ಎರಡನೆಯದು ಬೆಳೆದ ನಾಯಿಗಳ ಸಣ್ಣ ಗುಂಪು. ಮರಿಗಳಿಗೆ, ಬಸುರಿ ನಾಯಿಗಳಿಗೆ ಇವನ್ನೇ ಅನ್ವಯಿಸಲಾಗದು. ಆದರೂ ಸರಿಯಾಗಿ ತಯಾರಿಸಿದ ಸಸ್ಯಾಹಾರದಿಂದ ನಾಯಿ ಆರೋಗ್ಯವಾಗಿರಬಲ್ಲದು ಎಂದು ಒಪ್ಪಲು ನನಗೆ ಅಡ್ಡಿಯಿಲ್ಲ, ಸಂತೋಷವೇ ಇದೆ. ನನ್ನ ತಕರಾರು ‘ಸರಿಯಾಗಿ ತಯಾರಿಸಿದ’ ಎಂಬಲ್ಲಿ. ಬ್ರೆಜಿಲ್‌ನಲ್ಲಿ ಮಾರಾಟದಲ್ಲಿದ್ದ ವೀಗನ್ ಆಹಾರಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋಡಿದ್ದು ಕೇವಲ ನಾಲ್ಕು ಆಹಾರ, ನಾಲ್ಕರಲ್ಲೂ ಒಂದಲ್ಲ ಒಂದು ಪೋಷಕಾಂಶದ ಕೊರತೆಯಿತ್ತು. ನಮ್ಮ ಅಂಗಡಿಯಲ್ಲಿರುವ ಪೊಟ್ಟಣ ಕ್ಯಾಲಿಫೋರ್ನಿಯಾದ ಜಾತಿಯದೋ ಬ್ರೆಜಿಲ್ ಜಾತಿಯದೋ ಎಂದು ನಾನು ಹೇಗೆ ತಿಳಿಯಲಿ?

ಸಸ್ಯದಲ್ಲಿ ಬಿ12 ಜೀವಸತ್ವ ಸಿಗುವುದಿಲ್ಲ. ಡಿ ಜೀವಸತ್ವ, ಅಯೋಡಿನ್, ಸತು, ಕ್ಯಾಲ್ಸಿಯಂ, ಮಿಥಿಯೋನಿನ್ ಇವನ್ನೂ ಹೊರಗಿನಿಂದ ಪ್ರೀಮಿಕ್ಸ್ (ಮೊದಲೇ ಅಳೆದು ಕಲಸಿಟ್ಟ ಪೋಷಕಾಂಶಗಳ ಮಿಶ್ರಣ) ರೂಪದಲ್ಲಿ ಬೆರೆಸಬೇಕು. ಮಾಂಸದ ಆಹಾರಕ್ಕೂ ಪ್ರೀಮಿಕ್ಸ್ ಹಾಕುತ್ತಾರೆ, ಆದರೆ ಅಲ್ಲಿ ಕೆಲವಂಶ ಮಾಂಸದಿಂದಲೇ ಬಂದಿರುತ್ತದೆ. ವೀಗನ್ ಆಹಾರದಲ್ಲಿ ಪ್ರೀಮಿಕ್ಸ್ ತಪ್ಪಿದರೆ ಬೇರೆ ಆಸರೆಯಿಲ್ಲ. ಕಡಿಮೆಯಾದರೆ ಒಂದು ಕಷ್ಟ, ಹೆಚ್ಚಾದರೆ ಇನ್ನೊಂದು. 2019ರ ಜನವರಿಯಲ್ಲಿ ಅಮೆರಿಕದ ಹೆಸರಾಂತ ಕಂಪನಿಯೊಂದು ಪ್ರೀಮಿಕ್ಸ್‌ನಲ್ಲಿ ಡಿ ಜೀವಸತ್ವ ಮಿತಿಮೀರಿದ್ದಕ್ಕೆ ತನ್ನ ಡಬ್ಬಿ ಆಹಾರವನ್ನು ವಾಪಸ್ ತರಿಸಿಕೊಳ್ಳಬೇಕಾಯಿತು. ಅಂಥ ದೊಡ್ಡ ಕಂಪನಿಗೇ ಹಾಗಾದರೆ, ಬಾಡಿಗೆ ಶೆಡ್ಡಿನಲ್ಲಿ ಬೇರೆಯವರಿಂದ ಮಾಡಿಸಿ ತನ್ನ ಹೆಸರಿನ ಚೀಟಿ ಅಂಟಿಸುವವರ ಬಗ್ಗೆ ಏನು ಹೇಳೋಣ?

ಇನ್ನು ಬೂಷ್ಟಿನ ವಿಷ. ಮೆಕ್ಕೆಜೋಳ, ಶೇಂಗಾ ಹಿಂಡಿ ತೇವ ಹಿಡಿದರೆ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಕಾರ್ಖಾನೆಯ ಕಾವಿನಲ್ಲಿ ಅದು ಪೂರ್ತಿ ನಾಶವಾಗುವುದಿಲ್ಲ. 2020ರ ಕೊನೆ ಮತ್ತು 2021ರ ಆರಂಭದಲ್ಲಿ ಅಮೆರಿಕದಲ್ಲಿ ಇದರಿಂದ ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಯಾಯಿತು. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಮಲೆನಾಡು, ಕರಾವಳಿಯ ಅಂಗಡಿಗಳ ಗೋಡೆಯೇ ಬೆವರುತ್ತದೆ. ಆ ಅಂಗಡಿಗಳಲ್ಲಿ ನಾನು ಕಣ್ಣಾರೆ ನೋಡಿದ್ದೇನೆ: ದೊಡ್ಡ ಚೀಲದ ಬಾಯಿ ಕತ್ತರಿಸಿ ಮೂಲೆಯಲ್ಲಿ ನಿಲ್ಲಿಸಿರುತ್ತಾರೆ. ಗಿರಾಕಿ ಬಂದಂತೆ ಪ್ಲಾಸ್ಟಿಕ್ ಮಗ್ಗಿನಲ್ಲಿ ಮೊಗೆದು, ತಕ್ಕಡಿಗೆ ಹಾಕಿ, ಪಾರದರ್ಶಕ ಕವರ್‌ಗೆ ಸುರಿದು ಗಂಟು ಹಾಕಿ ಕೊಡುತ್ತಾರೆ. ಆ ಕವರ್ ಮೇಲೆ ಕಂಪನಿಯ ಹೆಸರಿಲ್ಲ, ತಾರೀಖಿಲ್ಲ, ಬ್ಯಾಚ್ ನಂಬರಿಲ್ಲ. ನಾಳೆ ನಾಯಿಗೆ ಕಾಮಾಲೆ ಬಂದರೆ ಯಾವ ಚೀಲದ ಮೇಲೆ ಬೆರಳು ತೋರಿಸುವುದು? ಬಡವರು ಕೊಳ್ಳುವುದು ಹೆಚ್ಚಾಗಿ ಹೀಗೆಯೇ, ಇಡೀ ಚೀಲಕ್ಕೆ ದುಡ್ಡಿಲ್ಲದೆ.

‘ವೀಗನ್’ ಎಂಬ ಮಾತಾದರೂ ನಿಜವೇ? ಅಮೆರಿಕದಲ್ಲಿ ಸಸ್ಯಾಹಾರಿ, ವೀಗನ್ ಎಂದು ಮಾರುತ್ತಿದ್ದ 14 ನಾಯಿ-ಬೆಕ್ಕು ಆಹಾರಗಳನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿದಾಗ 7ರಲ್ಲಿ ದನ, ಕುರಿ, ಹಂದಿಯಂಥ ಸಸ್ತನಿಗಳ ಅಂಶ ಸಿಕ್ಕಿತು. ಬೇಕೆಂದೇ ಬೆರೆಸಿರಲಿಕ್ಕಿಲ್ಲ, ಒಂದೇ ಯಂತ್ರದಲ್ಲಿ ಎರಡೂ ಬಗೆ ತಯಾರಿಸಿದರೂ ಹೀಗಾಗಬಹುದು. ಆದರೆ ಮಾಂಸದ ಅಲರ್ಜಿಯಿರುವ ನಾಯಿಗೆ ಅದು ಮತ್ತೆ ಕೆರೆತ, ಮನೆಯವರಿಗೆ ನಂಬಿಕೆದ್ರೋಹ. ಮನುಷ್ಯರ ವೀಗನ್ ಆಹಾರಕ್ಕೆ 2022ರಿಂದ ಪ್ರತ್ಯೇಕ ನಿಯಮವಿದೆ, ಲಾಂಛನವಿದೆ. ನಾಯಿ ಆಹಾರದ ಪೊಟ್ಟಣದ ಮೇಲೆ ಹಸಿರು ಎಲೆ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಮಾನ್ಯರೇ, ನಾನು ಕೇಳುತ್ತಿರುವುದು ಇಷ್ಟು. 2016ರ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಕಾಯ್ದೆಯ 16ನೇ ಸೆಕ್ಷನ್ ಅಡಿಯಲ್ಲಿ ಸಾರ್ವಜನಿಕ ಹಿತಕ್ಕಾಗಿ, ಪ್ರಾಣಿಗಳ ಆರೋಗ್ಯಕ್ಕಾಗಿಯೂ, ಮಾನದಂಡವನ್ನು ಕಡ್ಡಾಯ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಹಾಗೆ ಮಾಡಿದ್ದೀರಿ. ಐಎಸ್ 11968 ಅನ್ನು ಅದೇ ರೀತಿ ಕಡ್ಡಾಯಗೊಳಿಸಿ. ಅದು ಮಾಂಸದ ಆಹಾರಕ್ಕೂ ಅನ್ವಯಿಸಲಿ, ವೀಗನ್ ಆಹಾರವನ್ನು ಮಾತ್ರ ಬೊಟ್ಟುಮಾಡಿ ಹಿಡಿಯುವುದು ನ್ಯಾಯವಲ್ಲ. ಆದರೆ ಪ್ರಾಣಿಮೂಲದ ಪದಾರ್ಥವೇ ಇಲ್ಲದ ಆಹಾರಕ್ಕೆ ಅದರಲ್ಲಿ ಪ್ರತ್ಯೇಕ ಭಾಗವಿರಲಿ. ಹತ್ತು ಅಮೈನೋ ಆಮ್ಲಗಳು, ಟೌರಿನ್, ಬಿ12, ಡಿ, ಸತು, ಅಯೋಡಿನ್, ಕ್ಯಾಲ್ಸಿಯಂ-ರಂಜಕದ ಅನುಪಾತ ಇವುಗಳ ಪರೀಕ್ಷಾ ವರದಿ ಇಲ್ಲದೆ ಅಂಥ ಆಹಾರ ಮಾರುಕಟ್ಟೆಗೆ ಬರಬಾರದು. ಹೊರಗಿನಿಂದ ಕೊಂಡ ಪ್ರೋಟೀನ್ ಪುಡಿಗೆ ಮೆಲಮೈನ್ ಪರೀಕ್ಷೆ, ಪ್ರತಿ ಬ್ಯಾಚಿಗೆ ಅಫ್ಲಾಟಾಕ್ಸಿನ್ ಪರೀಕ್ಷೆ ಆಗಬೇಕು.

ಪೊಟ್ಟಣದ ಬರಹವೂ ಬದಲಾಗಬೇಕು. ಯುರೋಪಿನ ಒಕ್ಕೂಟದಲ್ಲಿ ಆಹಾರ ‘ಸಂಪೂರ್ಣ’ವೋ ‘ಪೂರಕ’ವೋ ಎಂದು ಬರೆಯಲೇಬೇಕು, ಬೆರೆಸಿದ ಪದಾರ್ಥಗಳ ಬಗ್ಗೆ ಕೊಂಡವರು ಕೇಳಲು ಉಚಿತ ದೂರವಾಣಿ ಸಂಖ್ಯೆಯನ್ನೋ ಅಂಥದ್ದೇ ಬೇರೆ ದಾರಿಯನ್ನೋ ಕೊಡಬೇಕು. ಇಲ್ಲಿಯೂ ಹಾಗಾಗಲಿ. ಮರಿಗೋ, ಬೆಳೆದ ನಾಯಿಗೋ ಎಂಬುದು ಸ್ಪಷ್ಟವಾಗಿರಲಿ. ‘ಧಾನ್ಯಗಳು ಮತ್ತು ಧಾನ್ಯದ ಉಪ ಉತ್ಪನ್ನಗಳು, ಸಸ್ಯಜನ್ಯ ಪ್ರೋಟೀನ್’ ಎಂಬ ಮೊಗಮ್ಮಾದ ಸಾಲು ಸಾಕಾಗದು. ಯಾವ ಧಾನ್ಯ, ಯಾವ ಬೇಳೆ ಎಂದು ಹೆಸರು ಹಿಡಿದು ಬರೆಯಲಿ. ರುಚಿಗೆಂದು ಈರುಳ್ಳಿ, ಬೆಳ್ಳುಳ್ಳಿ ಪುಡಿ ಸೇರಿಸುವುದನ್ನು ನಿಷೇಧಿಸಿ, ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ‘ಬೆಕ್ಕಿಗೆ ಕೊಡಬಾರದು’ ಎಂಬ ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿರಲಿ: ಬೆಕ್ಕು ಟೌರಿನ್ ಅನ್ನು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮನೆಯಲ್ಲಿ ಎರಡೂ ಒಂದೇ ತಟ್ಟೆಗೆ ಬಾಯಿ ಹಾಕುತ್ತವೆ. ಬಿಡಿಯಾಗಿ ಮೊಗೆದು ಮಾರುವುದು ನಿಲ್ಲಲಿ, ಅದರ ಬದಲು ಬ್ಯಾಚ್ ನಂಬರಿರುವ ಸಣ್ಣ ಪೊಟ್ಟಣಗಳನ್ನು ಮಾಡುವಂತೆ ತಯಾರಕರಿಗೆ ಹೇಳಿ.

ಪರೀಕ್ಷಿಸುವವರು ಎಲ್ಲಿದ್ದಾರೆ ಎಂಬ ಪ್ರಶ್ನೆ ಬಂದರೆ ಕರ್ನಾಟಕದ ಕಡೆ ನೋಡಿ. ಬೆಂಗಳೂರಿನ ಆಡುಗೋಡಿಯಲ್ಲಿ ಪ್ರಾಣಿಗಳ ಪೋಷಣೆಗೆಂದೇ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ನಮ್ಮ ಮೈಸೂರಿನಲ್ಲೇ ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಮುಧೋಳ ನಾಯಿ ತಳಿಗೆಂದೇ ಕೇಂದ್ರ ನಡೆಸುತ್ತಿದೆ. ಆ್ಯಫ್ಕೋ ಪದ್ಧತಿಯಲ್ಲಿ ಬೆಳೆದ ನಾಯಿಗಳ ಆಹಾರವನ್ನು ತಿನ್ನಿಸಿ ನೋಡುವ ಪರೀಕ್ಷೆಗೆ ಬೇಕಾಗುವುದು ಕನಿಷ್ಠ ಎಂಟು ನಾಯಿ, 26 ವಾರ. ಇಂಥದ್ದನ್ನು ನಡೆಸಲು ನಮ್ಮ ವಿಜ್ಞಾನಿಗಳಿಗೆ ಆಗದ ಕೆಲಸವೇನಲ್ಲ, ಆದೇಶ ಮತ್ತು ಅನುದಾನ ಬೇಕು. ನಾಯಿಗಳಿಗೆ ತೊಂದರೆಯಾಗದಂತೆ, ಮನೆಗಳಲ್ಲೇ ಇರುವ ನಾಯಿಗಳನ್ನು ಮಾಲೀಕರ ಒಪ್ಪಿಗೆಯಿಂದ ಸೇರಿಸಿಕೊಂಡು ಮಾಡಲಿ ಎಂಬುದಷ್ಟೇ ನನ್ನ ಬಿನ್ನಹ.

ಕಡ್ಡಾಯದ ಆದೇಶಕ್ಕೆ ಸಮಯ ಹಿಡಿಯಬಹುದು. ದೂರು ದಾಖಲಿಸುವ ಕೆಲಸಕ್ಕೆ ಕಾಯಬೇಕಿಲ್ಲ. ಪಶು ಆಸ್ಪತ್ರೆಗಳಿಗೆ ಒಂದು ಪುಟದ ನಮೂನೆ ಕಳಿಸಿ: ನಾಯಿಯ ತಳಿ, ವಯಸ್ಸು, ತಿಂದ ಆಹಾರ, ಬ್ಯಾಚ್ ನಂಬರ್, ರೋಗದ ಲಕ್ಷಣ. ಅವು ಇಲಾಖೆಯಲ್ಲಿ ಒಂದೆಡೆ ಸೇರಲಿ, ಮೂರು ತಿಂಗಳಿಗೊಮ್ಮೆ ಸಾರ್ವಜನಿಕರಿಗೆ ಸಿಗಲಿ. ನನ್ನ ಬಳಿ ಚಿನ್ನುವಿನ ಚಿಕಿತ್ಸೆಯ ಚೀಟಿಗಳು, ಪೊಟ್ಟಣದ ಫೋಟೊ, ಪ್ರಯೋಗಾಲಯದ ವರದಿ, ತಯಾರಕರ ಉತ್ತರ ಎಲ್ಲವೂ ಇವೆ. ತಮ್ಮ ಕಚೇರಿ ಕೇಳಿದ ದಿನ ಮೂಲ ಪ್ರತಿಗಳನ್ನೇ ಕಳಿಸಿಕೊಡುತ್ತೇನೆ. ಈ ಪತ್ರದ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ನಾಗರಿಕಳು